ಬೊಂಬೆಯ ಮುಖ, ಪಾತ್ರದ ಮುಖ



ಸಾಗರ ಪಟ್ಟಣದಿಂದ ಸುಮಾರು ಆರು ಕಿಲೋಮೀಟರ್ ದೂರದಲ್ಲಿ ಇಕ್ಕೇರಿ ಇದೆ. ಒಂದು ಕಾಲಕ್ಕೆ ಕೆಳದಿ ಅರಸರ ರಾಜಧಾನಿಯಾಗಿದ್ದ ಊರು. ಅಲ್ಲಿನ ಅಘೋರೇಶ್ವರ ದೇವಾಲಯಕ್ಕೆ ಹೋದವರು ಸಾಮಾನ್ಯವಾಗಿ ತಲೆಯೆತ್ತಿ ಕಂಬಗಳನ್ನೂ ಛಾವಣಿಯನ್ನೂ ನೋಡಿ ಬರುತ್ತಾರೆ. ಒಮ್ಮೆ ತಲೆ ತಗ್ಗಿಸಿ ನೆಲವನ್ನೂ ನೋಡಬೇಕು. ಗರ್ಭಗುಡಿಯ ಎದುರಿನ ನೆಲದಲ್ಲಿ ಕೆಳದಿ ವಂಶದ ಮೂವರು ಅರಸರು ದೇವರಿಗೆ ನಮಸ್ಕರಿಸುತ್ತಿರುವ ಆಕೃತಿಗಳಿವೆ. ಇವರು ಯಾರೆಂದು ಗುರುತಿಸುವುದು ಹೇಗೆ? ಮುಖದಿಂದಲ್ಲ. ಒಬ್ಬೊಬ್ಬರಿಗೂ ಹೆಸರನ್ನು ಕೊರೆದಿದ್ದಾರೆ. ಒಬ್ಬನ ಕೈಕಾಲುಗಳಿಗೆ ಬೇಡಿ ತೊಡಿಸಿದ್ದಾರೆ. ಹೆಸರು ಮತ್ತು ಬೇಡಿ, ಇವೆರಡೇ ಗುರುತು. ಆ ಕಾಲದ ಶಿಲ್ಪಿಗೆ ಕೈಬರಲಿಲ್ಲವೆಂದು ಇದನ್ನು ತಿಳಿಯಬಾರದು. ಅದೇ ಗುಡಿಯ ಗೋಡೆಗಳನ್ನು ನೋಡಿದರೆ ಆ ಸಂಶಯ ಉಳಿಯುವುದಿಲ್ಲ. ವ್ಯಕ್ತಿಯ ಗುರುತು ಮುಖದಲ್ಲಿಯೇ ಇರಬೇಕೆಂದು ಅವನು ಭಾವಿಸಿರಲಿಲ್ಲ, ಅಷ್ಟೆ.

ಇಂದು ನಾವು ಸಿನಿಮಾ ಅಥವಾ ಧಾರಾವಾಹಿಯ ಪಾತ್ರವೊಂದರ ಗೇಣುದ್ದದ ಪ್ರತಿಕೃತಿಯನ್ನು ಕೈಗೆತ್ತಿಕೊಂಡರೆ ಮೊದಲು ನೋಡುವುದು ಮುಖವನ್ನೇ. ಮುಖ ಹೋಲದಿದ್ದರೆ ಉಡುಪು ಎಷ್ಟು ಸರಿಯಿದ್ದರೂ 'ಇದು ಅವನಲ್ಲ' ಎಂದುಬಿಡುತ್ತೇವೆ. ಈ ಬದಲಾವಣೆ ಹೇಗಾಯಿತು ಎಂಬುದೇ ನಮ್ಮ ಇಂದಿನ ವಿಷಯ. ಅದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳೊಳಗೇ ಅದರ ಬಹುಪಾಲು ಕುರುಹುಗಳು ಸಿಗುತ್ತವೆ.

ಮೊದಲು ಸಾಗರದ ಗುಡಿಗಾರರನ್ನು ನೋಡೋಣ. ಸಾಗರ, ಸೊರಬ ಮತ್ತು ಉತ್ತರ ಕನ್ನಡ ಜಿಲ್ಲೆಯ ಕೆಲವು ಊರುಗಳಲ್ಲಿ ನೆಲೆಸಿರುವ ಈ ಸಮುದಾಯದವರ ಹೆಸರಿನಲ್ಲೇ ಗುಡಿ ಇದೆ. ಬಿ. ಎಲ್. ರೈಸ್ ಅವರು 1897ರಲ್ಲಿ ಪರಿಷ್ಕರಿಸಿದ ಮೈಸೂರು ಗ್ಯಾಸೆಟಿಯರಿನಲ್ಲಿ ಇವರ ಗಂಧದ ಕೆತ್ತನೆಯ ಪ್ರಶಂಸೆಯಿದೆ. ಆದರೆ ಇವರ ಕೈ ಗಂಧಕ್ಕಷ್ಟೇ ಸೀಮಿತವಲ್ಲ. ಬೆಂಡಿನಿಂದ ಬಾಸಿಂಗ ಮಾಡುವವರು, ಚೌತಿಗೆ ಮಣ್ಣಿನ ಗಣಪತಿ ಮಾಡುವವರು ಇವರಲ್ಲಿದ್ದಾರೆ. ಇಲ್ಲಿ ಒಂದು ಸ್ವಾರಸ್ಯವಿದೆ. ಗಂಧದ ಮೂರ್ತಿಗೆ ಬಣ್ಣ ಹಚ್ಚುವುದಿಲ್ಲ. ಹಚ್ಚಿದರೆ ಮರದ ಪರಿಮಳಕ್ಕೂ ಮೈಬಣ್ಣಕ್ಕೂ ಅರ್ಥವೇ ಉಳಿಯದು. ಆದ್ದರಿಂದ ಕಣ್ಣಾಗಲಿ, ತುಟಿಯಂಚಿನ ನಗುವಾಗಲಿ, ಎಲ್ಲವೂ ಉಳಿಯ ಮೊನೆಯಿಂದಲೇ ಮೂಡಬೇಕು; ತಗ್ಗಿನಲ್ಲಿ ನಿಲ್ಲುವ ನೆರಳೇ ಅಲ್ಲಿ ಬಣ್ಣ. ಮಣ್ಣಿನ ಗಣಪತಿಯದು ಇದಕ್ಕೆ ತಿರುಗುಮುರುಗು. ಅಲ್ಲಿ ಕಣ್ಣಿನ ಉಬ್ಬನ್ನಷ್ಟೇ ಮಣ್ಣಿನಲ್ಲಿ ತಿದ್ದಿ, ಒಣಗಿದ ಮೇಲೆ ಬಿಳಿ ಬಳಿದು, ಮೈಬಣ್ಣ ಹಚ್ಚಿ, ದೃಷ್ಟಿಯನ್ನು ಕುಂಚದಿಂದ ಬರೆಯುತ್ತಾರೆ. ಉಳಿಯ ಮುಖ ಒಂದು ವಿದ್ಯೆ, ಕುಂಚದ ಮುಖ ಇನ್ನೊಂದು ವಿದ್ಯೆ. ಎರಡೂ ಒಂದೇ ಸಮುದಾಯದಲ್ಲಿ ಉಳಿದುಬಂದಿರುವುದು ವಿಶೇಷ.

ಕಣ್ಣನ್ನು ಕೊನೆಗೆ ಬರೆಯುವ ಕ್ರಮ ಹಳೆಯದು. ದೇವಮೂರ್ತಿಗೆ ಕಣ್ಣು ತೆರೆಸುವ ವಿಧಿಗೆ ನೇತ್ರೋನ್ಮೀಲನವೆಂದೇ ಹೆಸರು. ಮೂರ್ತಿಯ ಪ್ರಮಾಣಗಳನ್ನು ಶಿಲ್ಪಶಾಸ್ತ್ರಗಳು ತಾಲದಲ್ಲಿ ಹೇಳುತ್ತವೆ. ಒಂದು ತಾಲಕ್ಕೆ ಹನ್ನೆರಡು ಅಂಗುಲ; ನವತಾಲದ ಮೂರ್ತಿಗೆ 108 ಅಂಗುಲ. ಕಣ್ಣುಗಳಲ್ಲಿಯೂ ಬಗೆಗಳುಂಟು. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರ ಬಿಲ್ಲಿನಂತಹ ಕಣ್ಣು, ಮೀನಿನ ಹೊಟ್ಟೆಯಂತಹ ಕಣ್ಣು, ನೈದಿಲೆಯ ಎಸಳಿನಂತಹ ಕಣ್ಣು ಎಂದು ವಿಂಗಡಿಸುತ್ತದೆ. ಈ ಲೆಕ್ಕಾಚಾರದಲ್ಲಿ ರಾಮನ ಮುಖವೆಂದರೆ ಒಂದು ಮಾದರಿಯ ಮುಖ. ಅದು ನಿಮ್ಮ ಪಕ್ಕದ ಮನೆಯವರ ಮುಖವನ್ನು ಹೋಲಬೇಕಾಗಿಲ್ಲ, ಹೋಲಲೂ ಬಾರದು.

ಹಾಗಾದರೆ ಇದ್ದವರನ್ನು ಇದ್ದಂತೆ ಬರೆಯುವ ಕಲ್ಪನೆಯೇ ನಮ್ಮಲ್ಲಿ ಇರಲಿಲ್ಲವೇ? ಇತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ವಿದ್ಧಚಿತ್ರವೆಂಬ ಬಗೆಯ ಪ್ರಸ್ತಾಪವಿದೆ. ಕನ್ನಡಿಯಲ್ಲಿನ ಪ್ರತಿಬಿಂಬದಂತೆ ಸಾದೃಶ್ಯವುಳ್ಳದ್ದು ವಿದ್ಧಚಿತ್ರ. ಛಾಯಾಚಿತ್ರ ಬಂದ ಮೇಲೆಯೇ ನಮ್ಮವರಿಗೆ ಹೋಲಿಕೆಯ ಅರಿವಾಯಿತೆಂದು ಹೇಳುವವರು ಈ ಗ್ರಂಥವನ್ನು ಮರೆಯಬಾರದು. ಆದರೆ ಅರಮನೆಯ ಗೋಡೆಗೂ ಪಟಕ್ಕೂ ಸಲ್ಲುತ್ತಿದ್ದ ಈ ಕಲೆ ಬೊಂಬೆಗೆ ಇಳಿಯಲಿಲ್ಲ. ಕೊಪ್ಪಳದ ಬಳಿಯ ಕಿನ್ನಾಳದ ಬೊಂಬೆಗಳ ಬಣ್ಣ ಬೆರಗುಗೊಳಿಸುವಂಥದು. ಮುಖ ಮಾತ್ರ ಮಾದರಿಯ ಮುಖವೇ. ಚನ್ನಪಟ್ಟಣದ ಅರಗಿನ ಬೊಂಬೆಗಂತೂ ಎರಡು ಚುಕ್ಕೆ, ಒಂದು ಗೆರೆ ಸಾಕು. ಮಗುವಿಗೂ ಅಷ್ಟೇ ಸಾಕು!

ಇನ್ನು ತೀರ್ಥಹಳ್ಳಿ ತಾಲ್ಲೂಕಿಗೆ ಬರೋಣ. ಆರ್. ಕೆ. ನಾರಾಯಣ್ ಅವರ ಮೊದಲ ಕಾದಂಬರಿಯ ಸ್ವಾಮಿ 1935ರಲ್ಲಿ ಹುಟ್ಟಿದ. ಅಲ್ಲಿಂದ ಐವತ್ತು ವರ್ಷ ಅವನಿಗೆ ಇಂಥದೇ ಎಂಬ ಮುಖವಿರಲಿಲ್ಲ. ಓದಿದವರೆಲ್ಲ ತಮತಮಗೆ ತೋಚಿದ ಹುಡುಗನನ್ನು ಕಂಡುಕೊಳ್ಳುತ್ತಿದ್ದರು. ಶಂಕರ್ ನಾಗ್ ಅವರು ಆಗುಂಬೆಯನ್ನೇ ಮಾಲ್ಗುಡಿಯನ್ನಾಗಿ ಮಾಡಿಕೊಂಡು 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದರು. 1986ರಲ್ಲಿ ದೂರದರ್ಶನದ ಮೂಲಕ ಅದು ದೇಶದ ಮನೆಮನೆಗೆ ಬಂದಾಗ ಸ್ವಾಮಿಗೆ ಒಂದು ಮುಖ ಗಟ್ಟಿಯಾಯಿತು. ಅದು ಮಾಸ್ಟರ್ ಮಂಜುನಾಥ್ ಅವರ ಮುಖ. ನಾರಾಯಣ್ ಅವರ ತಮ್ಮ ಆರ್. ಕೆ. ಲಕ್ಷ್ಮಣ್ ಈ ಸರಣಿಗೆ ಬರೆದ ರೇಖಾಚಿತ್ರಗಳೂ ಜನಮನದಲ್ಲಿ ಉಳಿದಿವೆ. ಆದರೆ ಇಂದು ಯಾರಾದರೂ ಸ್ವಾಮಿಯ ಬೊಂಬೆ ಮಾಡಿ ಮುಖ ಬರೆಯಬೇಕೆಂದರೆ ಅವರ ಮುಂದಿರುವುದು ಪರದೆಯ ಮೇಲಿನ ಆ ಬಾಲಕನೇ. ಇದು ಲಾಭವೋ ನಷ್ಟವೋ? ನನಗಂತೂ ಎರಡೂ ಎನಿಸುತ್ತದೆ. ಎಲ್ಲರಿಗೂ ಒಬ್ಬನೇ ಸ್ವಾಮಿ ದೊರೆತ. ಒಬ್ಬೊಬ್ಬರ ಮನಸ್ಸಿನಲ್ಲಿದ್ದ ಬೇರೆ ಬೇರೆ ಸ್ವಾಮಿಗಳು ಹಿಂದೆ ಸರಿದರು.

ಇದೇ ಸರಣಿಯಲ್ಲಿ ಮಾಲ್ಗುಡಿಯ ರೈಲು ನಿಲ್ದಾಣವಾಗಿ ಕಾಣಿಸಿಕೊಂಡದ್ದು ಹೊಸನಗರ ತಾಲ್ಲೂಕಿನ ಅರಸಾಳು. ಶಿವಮೊಗ್ಗ–ತಾಳಗುಪ್ಪ ಮಾರ್ಗದ ಈ ನಿಲ್ದಾಣದ ಹಳೆಯ ಕಟ್ಟಡವನ್ನು ರೈಲ್ವೆ ಇಲಾಖೆ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವನ್ನಾಗಿ ಮಾಡಿತು. ಸರಣಿಗೆ ಕಲಾನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಇದನ್ನೂ ರೂಪಿಸಿದರು. ಸರಣಿಯ ದೃಶ್ಯಗಳನ್ನೂ ಪಾತ್ರಗಳನ್ನೂ ನೆನಪಿಗೆ ತರುವ ಚಿತ್ರಗಳು, ಪ್ರತಿಕೃತಿಗಳು ಅಲ್ಲಿವೆ. ಇಕ್ಕೇರಿಯ ನೆಲದ ಅರಸರಿಗೂ ಅರಸಾಳಿನ ಈ ಪಾತ್ರಗಳಿಗೂ ನಡುವೆ ದಾರಿ ಹೆಚ್ಚಿಲ್ಲ, ಕಾಲ ಮಾತ್ರ ಹಲವು ಶತಮಾನಗಳದ್ದು.

ಈಗ ಕೆಲಸದ ಮಾತು. ಪಾತ್ರದ ಚಿಕ್ಕ ಪ್ರತಿಕೃತಿಗೆ ಜೀವಂತ ಮುಖ ಬರೆಯುವುದು ಏಕೆ ಕಷ್ಟ? ಆರನೆಯ ಒಂದಂಶದ ಅಳತೆ ತೆಗೆದುಕೊಳ್ಳೋಣ. ಐದೂವರೆ ಅಡಿಯ ಮನುಷ್ಯ ಹನ್ನೊಂದು ಇಂಚಾಗುತ್ತಾನೆ. ನಮ್ಮ ಕಣ್ಣಿನ ಕರಿವೃತ್ತ ಅಡ್ಡಲಾಗಿ ಸುಮಾರು 12 ಮಿಲಿಮೀಟರ್. ಬೊಂಬೆಯಲ್ಲಿ ಅದು 2 ಮಿಲಿಮೀಟರ್ ಮಾತ್ರ. ನಡುವಿನ ಪಾಪೆ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಕುಂಚ ಕೂದಲೆಳೆಯಷ್ಟು ಜಾರಿದರೆ ಸ್ವಾಮಿ ಹೋಗಿ ಬೇರೊಬ್ಬ ಹುಡುಗ ಬರುತ್ತಾನೆ. ಮಕ್ಕಳ ಮುಖದಲ್ಲಿ ಇನ್ನೊಂದು ತೊಡಕು. ಮಗು ಬೆಳೆದಂತೆ ಮುಖ ಬೆಳೆಯುತ್ತದೆ, ಆದರೆ ಕರಿವೃತ್ತ ಎಳವೆಯಲ್ಲಿಯೇ ಹೆಚ್ಚುಕಡಿಮೆ ಪೂರ್ಣ ಅಳತೆಗೆ ಬಂದಿರುತ್ತದೆ. ಆದಕಾರಣ ದೊಡ್ಡವರ ಮುಖವನ್ನು ಕುಗ್ಗಿಸಿದರೆ ಹುಡುಗನ ಮುಖವಾಗದು, ಕುಳ್ಳ ಗಂಡಸಿನ ಮುಖವಾಗುತ್ತದೆ.

ಹೊಸದಾಗಿ ಬರೆಯುವವರು ಸಾಮಾನ್ಯವಾಗಿ ಬಣ್ಣದ ಕಣ್ಣಿನ ಬಿಳಿಗೆ ಶುದ್ಧ ಬಿಳಿಯನ್ನು ತುಂಬಿ, ನಡುವೆ ಪೂರ್ತಿ ವೃತ್ತವೊಂದನ್ನು ಬರೆಯುತ್ತಾರೆ. ಬೊಂಬೆ ಬೆಚ್ಚಿಬಿದ್ದಂತೆ ಕಾಣುತ್ತದೆ. ನಿಜವಾಗಿ ಕಣ್ಣಿನ ಬಿಳಿ ಬಿಳಿಯಲ್ಲ. ಅದಕ್ಕೆ ಚೂರು ಕಂದು ಬೆರೆಸಬೇಕು. ಕರಿವೃತ್ತದ ಮೇಲಂಚನ್ನು ರೆಪ್ಪೆ ಮುಚ್ಚಿರಬೇಕು. ಮೇಲುರೆಪ್ಪೆಯ ಗೆರೆ ಗಾಢ, ಕೆಳರೆಪ್ಪೆಯದು ಇದ್ದೂ ಇಲ್ಲದಂತೆ. ಬೆಳಕಿನ ಚುಕ್ಕೆಯನ್ನು ಎರಡೂ ಕಣ್ಣುಗಳಲ್ಲಿ ಒಂದೇ ಪಕ್ಕಕ್ಕೆ ಇಡಬೇಕು. ಚರ್ಮವನ್ನೂ ಒಂದೇ ಬಣ್ಣದಲ್ಲಿ ಮುಗಿಸುವಂತಿಲ್ಲ. ನಿಜವಾದ ಚರ್ಮದೊಳಕ್ಕೆ ಬೆಳಕು ಸ್ವಲ್ಪ ಇಳಿದು ಹೊರಬರುತ್ತದೆ, ಬಣ್ಣದ ಪದರ ಹಾಗೆ ಮಾಡದು. ಆದ್ದರಿಂದ ನೀರಿನಂತೆ ತೆಳುವಾದ ಪದರಗಳನ್ನು ಒಂದರ ಮೇಲೊಂದು ಒಣಗಿಸುತ್ತಾ ಹಚ್ಚಬೇಕು: ಕಣ್ಣಿನ ಗುಳಿಗೆ, ಮೂಗಿನ ಕೆಳಗೆ ಕಡುಗಂದು, ಕೆನ್ನೆ, ಕಿವಿ, ಮೂಗಿನ ತುದಿಗೆ ಕೆಂಪಿನ ಸುಳಿವು. ಕಡೆಗೆ ಹೊಳಪಿನ ವಾರ್ನಿಷ್ ಕಣ್ಣಿಗಷ್ಟೇ, ಮೈಗಲ್ಲ.

ಹೋಲಿಕೆಯ ಪ್ರಶ್ನೆ ಇಷ್ಟಕ್ಕೆ ಮುಗಿಯುವುದಿಲ್ಲ. 'ಕಸ್ತೂರಿ ನಿವಾಸ' 1971ರದು, 'ಮಯೂರ' 1975ರದು. ಎರಡರಲ್ಲಿಯೂ ಇರುವುದು ರಾಜ್‌ಕುಮಾರ್ ಅವರ ಮುಖವೇ. ಆದರೆ ಒಂದರ ಹುಬ್ಬು, ಕೊರಳು, ನೋಟವನ್ನು ಇನ್ನೊಂದಕ್ಕೆ ಇಟ್ಟರೆ ನಟ ಹೋಲುತ್ತಾನೆ, ಪಾತ್ರ ತಪ್ಪಿಹೋಗುತ್ತದೆ. ಬರೆಯುವವನು ಮೊದಲು ಒಂದು ಕ್ಷಣವನ್ನು ಆರಿಸಿಕೊಳ್ಳಬೇಕು. ಗುಡಿಗಾರನಿಗೆ ಈ ಚಿಂತೆಯಿಲ್ಲ. ಗಣಪತಿಯ ಪ್ರಸನ್ನತೆ ಕ್ಷಣದ್ದಲ್ಲ.

ಹೊರನಾಡುಗಳಲ್ಲಿಯೂ ಚಿಕ್ಕ ಬೊಂಬೆಗೆ ವ್ಯಕ್ತಿಯ ಮುಖ ಬಂದದ್ದು ತಡವಾಗಿಯೇ. ಅಮೆರಿಕದ ಕೆನ್ನರ್ ಕಂಪನಿ 1978ರಲ್ಲಿ 'ಸ್ಟಾರ್ ವಾರ್ಸ್' ಚಿತ್ರದ ಮೂರೂಮುಕ್ಕಾಲು ಇಂಚಿನ ಬೊಂಬೆಗಳನ್ನು ಮಾರುಕಟ್ಟೆಗೆ ತಂದಿತು. ಕಣ್ಣೆಂದರೆ ಚುಕ್ಕೆ, ಉಡುಪು, ಆಯುಧಗಳೇ ಗುರುತು. ಇಕ್ಕೇರಿಯ ಬೇಡಿಯ ಲೆಕ್ಕವೇ ಅಲ್ಲವೇ ಇದು? 2000ದಲ್ಲಿ ಹಾಂಗ್‌ಕಾಂಗಿನಲ್ಲಿ ಆರಂಭವಾದ ಹಾಟ್ ಟಾಯ್ಸ್‌ನಂತಹ ಕಂಪನಿಗಳು ಆರನೆಯ ಒಂದಂಶದ ಪ್ರತಿಕೃತಿಗಳಲ್ಲಿ ನಟರ ಮುಖವನ್ನೇ ತರುವುದನ್ನು ದೊಡ್ಡ ಉದ್ಯಮವನ್ನಾಗಿ ಬೆಳೆಸಿದವು. ಈಗ ಮುಖದ ಆಕಾರವನ್ನು ಕಂಪ್ಯೂಟರಿನಲ್ಲಿ ರೂಪಿಸಿ ಯಂತ್ರದಿಂದ ಮುದ್ರಿಸಬಹುದು. ಹಾಗೆ ಹೊರಬಂದದ್ದು ಒಂದೇ ಬಣ್ಣದ, ಕಣ್ಣಿಲ್ಲದ ತಲೆಯಾದರೆ, ಅದಕ್ಕೆ ನೋಟ ಕೊಡಲು ಮತ್ತೆ ಕುಂಚ ಹಿಡಿದ ಕೈಯೇ ಬೇಕು.

ಬರೆದು ನೋಡಬೇಕೆನ್ನುವವರು ಸರಣಿಯ ಒಂದು ದೃಶ್ಯವನ್ನು ನಿಲ್ಲಿಸಿ, ಸ್ವಾಮಿಯ ರೆಪ್ಪೆ ಕರಿವೃತ್ತವನ್ನು ಎಷ್ಟು ಮುಚ್ಚಿದೆಯೆಂದು ಅಳೆಯಿರಿ. ಅನಂತರ ಕನ್ನಡಿಯ ಮುಂದೆ ಕುಳಿತು ನಿಮ್ಮದನ್ನೂ ನೋಡಿಕೊಳ್ಳಿ. ಎರಡು ಕಣ್ಣುಗಳಲ್ಲಿ ಆ ಅಳತೆ ಒಂದೇ ಆಗಿದೆಯೇ?