ದಾವೋಸಿನ ಚಳಿಗಾಲದ ದಾರಿ

ಬೆಟ್ಟದ ಊರಿಗೆ ಬೇಸಗೆಯಲ್ಲಿ ಹೋಗಿ, ಚಳಿ ಬೀಳುವುದಕ್ಕೆ ಮೊದಲೇ ಇಳಿದು ಬರುವುದು ನಮ್ಮಲ್ಲಿ ವಾಡಿಕೆ. ಉದಕಮಂಡಲವನ್ನು ನಾವು ಬಲ್ಲದ್ದು ಹೀಗೆಯೇ. ನೂರೈವತ್ತು ವರ್ಷಗಳ ಹಿಂದೆ ಆಲ್ಪ್ಸ್ ಪರ್ವತಗಳಿಗೆ ಹೋಗುತ್ತಿದ್ದ ಯೂರೋಪಿಯನರ ವಾಡಿಕೆಯೂ ಇದೇ ಆಗಿದ್ದಿತು. ಇಂದು ಅದೇ ಪರ್ವತಗಳ ಅನೇಕ ಊರುಗಳಿಗೆ ಚಳಿಗಾಲವೇ ಸುಗ್ಗಿ. ಈ ಮಾರ್ಪಾಡು ಹೇಗಾಯಿತೆಂಬುದನ್ನು ತಿಳಿಯಬೇಕಾದರೆ ಸ್ವಿಟ್ಸರ್ಲೆಂಡಿನ ಪೂರ್ವಭಾಗದಲ್ಲಿ, ಸಮುದ್ರಮಟ್ಟಕ್ಕೆ ಸುಮಾರು ೫,೧೦೦ ಅಡಿ ಎತ್ತರದಲ್ಲಿರುವ ದಾವೋಸ್ ಎಂಬ ಊರಿನ ದಾರಿಗಳ ಕಥೆಯನ್ನು ಕೇಳಬೇಕು.

ಅಲೆಕ್ಸಾಂಡರ್ ಸ್ಪೆಂಗ್ಲರ್ ಎಂಬಾತನು ಜರ್ಮನಿಯ ಬಾಡೆನ್ ಕ್ರಾಂತಿಯಲ್ಲಿ ಸೇರಿ, ಸೋತು, ದೇಶ ಬಿಟ್ಟವನು. ಆತನು ೧೮೫೩ರಲ್ಲಿ ಈ ಕಣಿವೆಗೆ ವೈದ್ಯನಾಗಿ ಬಂದನು. ಇಲ್ಲಿನ ಜನರಲ್ಲಿ ಕ್ಷಯರೋಗವು ಕಾಣದಿರುವುದನ್ನು ಗಮನಿಸಿ, ಇದು ಈ ಎತ್ತರದ ಒಣಗಾಳಿಯ ಗುಣವೆಂದು ಬಗೆದನು. ೧೮೬೫ರ ಫೆಬ್ರವರಿ ೮ರಂದು ಇಬ್ಬರು ಜರ್ಮನ್ ರೋಗಿಗಳು ನಡುಚಳಿಗಾಲದಲ್ಲಿಯೇ ಇಲ್ಲಿಗೆ ಬಂದರು. ಒಬ್ಬನು ಫ್ರೀಡ್ರಿಶ್ ಉಂಗರ್ ಎಂಬ ವೈದ್ಯ. ಇನ್ನೊಬ್ಬನು ಹ್ಯೂಗೋ ರಿಕ್ಟರ್ ಎಂಬ ಪುಸ್ತಕವ್ಯಾಪಾರಿ. ಕೆಳಗಿನ ಲಾಂಡ್‌ಕ್ವಾರ್ಟಿನವರೆಗೆ ಆಗ ರೈಲಿದ್ದಿತು. ಅಲ್ಲಿಂದ ಸುಮಾರು ೩೦ ಮೈಲಿ ಮೇಲಕ್ಕೆ, ಕ್ಲೋಸ್ಟರ್ಸ್ ಊರನ್ನು ದಾಟಿ, ವೋಲ್ಫ್‌ಗಾಂಗ್ ಕಣಿವೆದಾರಿಯನ್ನೇರಲು ಚಳಿಗಾಲದಲ್ಲಿ ಕುದುರೆ ಕಟ್ಟಿದ ಜಾರುಬಂಡಿಯೇ ಗತಿ. ಶ್ವಾಸಕೋಶ ಸವೆದವನಿಗೆ ಈ ಪಯಣವೇ ಒಂದು ಪರೀಕ್ಷೆ. ಆ ಇಬ್ಬರು ಬದುಕಿ, ಅಲ್ಲಿಯೇ ನೆಲಸಿದರು. ಸುದ್ದಿ ಹರಡಿತು. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯರೋಗದ ಆಸ್ಪತ್ರೆಯನ್ನು ಬಲ್ಲ ನಮಗೆ, ಆ ರೋಗವು ಅರಮನೆಯನ್ನೂ ಬಿಡಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಮದ್ದಿಲ್ಲದ ಕಾಲದಲ್ಲಿ ದಾರಿಯ ಕಷ್ಟವನ್ನು ಯಾರು ಲೆಕ್ಕಿಸಿಯಾರು?

ವಿಲೆಮ್ ಯಾನ್ ಹೋಲ್ಸ್‌ಬೂರ್ ಎಂಬ ಡಚ್ ಗೃಹಸ್ಥನು ೧೮೬೭ರಲ್ಲಿ ತನ್ನ ರೋಗಪೀಡಿತ ಪತ್ನಿಯನ್ನು ಇಲ್ಲಿಗೆ ಕರೆತಂದನು. ಆಕೆ ಉಳಿಯಲಿಲ್ಲ, ಆತನು ಉಳಿದನು. ಮೊದಲು ಸ್ಪೆಂಗ್ಲರನೊಡನೆ ಆರೋಗ್ಯಧಾಮವನ್ನು ಕಟ್ಟಿದನು. ಬಳಿಕ ರೈಲಿನ ಕೆಲಸಕ್ಕೆ ಕೈ ಹಾಕಿದನು. ೧೮೮೯ರಲ್ಲಿ ಕ್ಲೋಸ್ಟರ್ಸಿಗೂ ೧೮೯೦ರಲ್ಲಿ ದಾವೋಸಿಗೂ ಉಗಿಬಂಡಿ ಬಂದಿತು. ಹಿಂದೆ ನಮ್ಮ ಮೈಸೂರು-ಬೆಂಗಳೂರು ಮಾರ್ಗವಿದ್ದಂತೆ ಇದೂ ಮೀಟರ್ ಗೇಜಿನದು. ಮೆಟ್ಟುಪಾಳ್ಯದಿಂದ ಕೂನೂರಿಗೆ ಏರುವ ರೈಲಿಗೆ ಹಲ್ಲುಕಂಬಿಯ ಆಸರೆಯುಂಟು. ಇಲ್ಲಿ ಅದೂ ಇಲ್ಲ. ಸಾವಿರ ಅಡಿಗೆ ೪೫ ಅಡಿ ಏರುವ ಕಡಿದಾದ ದಾರಿಯಲ್ಲಿ ಗಾಲಿಯು ಕಂಬಿಯನ್ನು ತನ್ನ ಹಿಡಿತದಿಂದಲೇ ಹತ್ತಬೇಕು.

ದಾರಿಯು ರೋಗಿಗಾಗಿ ಆಯಿತು. ಅದನ್ನು ಹಿಡಿದು ಆಟವೂ ಬಂದಿತು. ರೋಗಿಗಳೊಡನೆ ಬಂದ ಬಂಧುಗಳಿಗೆ ಉದ್ದನೆಯ ಚಳಿಗಾಲವನ್ನು ಕಳೆಯುವುದು ಹೇಗೆ? ೧೮೮೩ರಲ್ಲಿ ಕ್ಲೋಸ್ಟರ್ಸಿನ ಇಳಿಜಾರು ರಸ್ತೆಯಲ್ಲಿ ಹಲವು ದೇಶದವರು ಸೇರಿ ಜಾರುಬಂಡಿಯ ಪಂದ್ಯವನ್ನು ನಡೆಸಿದರು. ಆಸ್ಟ್ರೇಲಿಯದ ಒಬ್ಬ ವಿದ್ಯಾರ್ಥಿಯೂ ಕ್ಲೋಸ್ಟರ್ಸಿನ ಅಂಚೆಯವನೂ ಸಮಸಮನಾಗಿ ಗೆದ್ದರು. ಒಬ್ಬನಿಗೆ ವಿನೋದವಾದದ್ದು ಇನ್ನೊಬ್ಬನಿಗೆ ದಿನದಿನದ ಬದುಕಿಗೆ ಹತ್ತಿರದ್ದು. ಷೆರ್ಲಾಕ್ ಹೋಮ್ಸನ ಕರ್ತೃ ಕಾನನ್ ಡಾಯ್ಲ್ ಕ್ಷಯಪೀಡಿತಳಾದ ಪತ್ನಿಗಾಗಿ ಇಲ್ಲಿಗೆ ಬಂದವನು. ೧೮೯೪ರ ಮಾರ್ಚ್ ತಿಂಗಳಲ್ಲಿ ಆತನು ಊರಿನ ಬ್ರಾಂಗರ್ ಸೋದರರೊಡನೆ, ಕಾಲಿಗೆ ಸ್ಕೀ ಎಂಬ ಉದ್ದನೆಯ ಮರದ ಹಲಗೆಗಳನ್ನು ಕಟ್ಟಿಕೊಂಡು, ಹಿಮ ಮುಚ್ಚಿದ ಪರ್ವತವನ್ನು ದಾಟಿ ಅರೋಸಾ ಊರಿಗೆ ಹೋದನು. ಮುಂದೆ ಇಂಗ್ಲಿಷರು ನೂರಾರು ಮಂದಿ ಇದಕ್ಕಾಗಿಯೇ ಬರುವರೆಂದು ಬರೆದನು. ಆ ಮಾತು ನಿಜವಾಯಿತು.

ಊರೊಳಗಿನ ಓಡಾಟವೂ ಬದಲಾಯಿತು. ೧೮೯೯ರಲ್ಲಿ ಹಗ್ಗದಿಂದೆಳೆಯುವ ರೈಲು ಊರಿಗಿಂತ ಸುಮಾರು ಸಾವಿರ ಅಡಿ ಮೇಲಿನ ಷಾಟ್ಸಾಲ್ಪಿಗೆ ಏರಿತು; ಮರುವರ್ಷ ಅಲ್ಲಿ ಆರೋಗ್ಯಧಾಮವು ತೆರೆಯಿತು. ಚಳಿಗಾಲದಲ್ಲಿ ಅಲ್ಲಿಂದ ಶವಗಳನ್ನು ಜಾರುಬಂಡಿಯಲ್ಲಿ ಕೆಳಕ್ಕೆ ಕಳುಹಿಸುತ್ತಾರೆಂದು ಥಾಮಸ್ ಮಾನ್‌ನ ೧೯೨೪ರ ಕಾದಂಬರಿಯಲ್ಲಿ ಒಂದು ಪಾತ್ರ ನಿರುದ್ವೇಗದಿಂದ ಹೇಳುತ್ತದೆ. ೧೯೩೨ರ ಹೊತ್ತಿಗೆ ಇನ್ನೊಂದು ಹಗ್ಗದ ರೈಲು ೮,೭೦೦ ಅಡಿ ಎತ್ತರದ ವೈಸ್‌ಫ್ಲೂಯೋಖ್ ಶಿಖರಪ್ರದೇಶವನ್ನು ಮುಟ್ಟಿತು. ಅದು ಹೊತ್ತೊಯ್ದದ್ದು ರೋಗಿಗಳನ್ನಲ್ಲ, ಆಟಗಾರರನ್ನು. ಅಲ್ಲಿಂದ ಕೆಳಗಿನ ಕ್ಯೂಬ್ಲಿಸ್ ಊರಿನವರೆಗೆ ಜಾರಿದವರನ್ನು ಹೋಲ್ಸ್‌ಬೂರನ ರೈಲು ಮತ್ತೆ ಮೇಲಕ್ಕೆ ಕರೆತರುವುದು. ೧೯೩೪ರಲ್ಲಿ ಬೋಲ್ಗೆನ್ ಇಳಿಜಾರಿನಲ್ಲಿ, ನಿಂತವರನ್ನು ನಿಂತಂತೆಯೇ ಎಳೆದೊಯ್ಯುವ ಯಂತ್ರವು ನಡೆಯತೊಡಗಿತು.

ಜನ ಹೆಚ್ಚಿದಂತೆ ಹಿಮದ ರಾಶಿ ಕುಸಿಯುವ ಭಯವೂ ಹೆಚ್ಚಿನ ಚಿಂತೆಯಾಯಿತು. ೧೯೩೬ರಲ್ಲಿ ವೈಸ್‌ಫ್ಲೂಯೋಖಿನ ಮೇಲೆ ಒಂದು ಮರದ ಗುಡಿಸಲಿನಲ್ಲಿ ವಿಜ್ಞಾನಿಗಳು ಹಿಮದ ಪದರಗಳನ್ನು ಪರೀಕ್ಷಿಸತೊಡಗಿದರು. ಅದರಿಂದ ಬೆಳೆದ ಸಂಸ್ಥೆಯು ೧೯೪೫ರಿಂದ ಕುಸಿತದ ಮುನ್ಸೂಚನೆಯನ್ನು ಪ್ರಕಟಿಸುತ್ತಿದೆ. ಇಂದು ಆ ಪರ್ವತಗಳಲ್ಲಿ ಸಂಚರಿಸುವವನು ಗಡಿಯಾರಕ್ಕಿಂತ ಮೊದಲು ಅದನ್ನು ನೋಡಬೇಕು.

೧೯೪೩ರಲ್ಲಿ ಸ್ಟ್ರೆಪ್ಟೋಮೈಸಿನ್ ದೊರಕಿತು. ಕ್ಷಯಕ್ಕೆ ಮದ್ದು ಬಂದ ಮೇಲೆ ಆರೋಗ್ಯಧಾಮಗಳು ಒಂದೊಂದಾಗಿ ಬರಿದಾದವು. ೧೯೫೦ರ ದಶಕದಲ್ಲಿ ಷಾಟ್ಸಾಲ್ಪಿನದು ಹೋಟೆಲಾಯಿತು. ರೋಗವನ್ನೇ ನಂಬಿದ್ದ ಊರು ರೋಗದೊಡನೆ ಅಳಿಯಲಿಲ್ಲ. ರೋಗಿಗಳಿಗಾಗಿ ಆದ ದಾರಿಯೇ ಅದನ್ನು ಉಳಿಸಿತು. ಈಗ ಆ ದಾರಿಯಲ್ಲಿ ವಿದ್ಯುತ್ ರೈಲು ಓಡುತ್ತದೆ. ೧೯೯೯ರಲ್ಲಿ ಕ್ಲೋಸ್ಟರ್ಸಿನ ಬಳಿ ೧೨ ಮೈಲಿಯಷ್ಟು ಉದ್ದದ ವೆರೈನಾ ಸುರಂಗವು ತೆರೆದು, ಮೋಟಾರುಗಳನ್ನೂ ರೈಲಿನಲ್ಲೇರಿಸಿ ಆಚೆಯ ಎಂಗಡೀನ್ ಕಣಿವೆಗೆ ಸಾಗಿಸುತ್ತದೆ. ಹಿಂದೆ ಜಾರುಬಂಡಿಗಳು ದಾಟುತ್ತಿದ್ದ ಫ್ಲೂಎಲಾ ಕಣಿವೆದಾರಿಯು ಚಳಿಗಾಲದಲ್ಲಿ ಮುಚ್ಚಿರುತ್ತದೆ.

ದಾವೋಸಿನ ನಿಲ್ದಾಣದಲ್ಲಿ ಹೆಗಲ ಮೇಲೆ ಸ್ಕೀ ಹೊತ್ತು ನಗುತ್ತ ಇಳಿಯುವ ತರುಣನಿಗೆ, ಈ ಕಂಬಿಗಳನ್ನು ಹಾಕಿಸಿದವನು ಹೆಂಡತಿಯನ್ನು ಕಳೆದುಕೊಂಡವನೆಂಬುದು ತಿಳಿದಿರಲಾರದು. ತಿಳಿಯದಿದ್ದರೆ ದೋಷವಿಲ್ಲ, ದಾರಿ ಮಾಡಿದವರ ಹೆಸರನ್ನು ಕೇಳಿ ನಡೆಯುವವರು ಎಲ್ಲಿಯೂ ಕಡಮೆ. ಆದರೆ ಇತಿಹಾಸವನ್ನು ಓದುವ ನಾವು ಒಂದು ಕ್ಷಣವಾದರೂ ಆ ನಿಲ್ದಾಣದಲ್ಲಿ ನಿಂತು, ೧೮೬೫ರ ಜಾರುಬಂಡಿಯಲ್ಲಿ ಕಂಬಳಿ ಹೊದ್ದು ಕೆಮ್ಮುತ್ತ ಬಂದ ಆ ಇಬ್ಬರನ್ನು ನೆನೆಯುವುದು ಉಚಿತ.