ಡಿಸ್ಕ್ಯಾಲ್ಕುಲಿಯ: ಶಾಲಾ ನೆರವಿನ ಇತಿಹಾಸ

ಬುದ್ಧಿ, ಕಣ್ಣು, ಕಿವಿ ಚೆನ್ನಾಗಿದ್ದು ಪಾಠ ಸಿಕ್ಕಿದ್ದರೂ ಸಂಖ್ಯೆಯ ಅಂದಾಜು ಮಗುವಿನ ಹಿಡಿತಕ್ಕೆ ಬಾರದ ಸ್ಥಿತಿ. ಗಣಿತ ಕಲಿಕಾ ನ್ಯೂನತೆ ಎಂದೂ ಹೇಳುವುದುಂಟು. ನಿನ್ನೆ ಒಪ್ಪಿಸಿದ ಮಗ್ಗಿ ಇಂದು ಮರೆತಿರುತ್ತದೆ. 52ರಲ್ಲಿ 17 ಕಳೆಯುವಾಗ ಮಗು ದಶಕದಿಂದ ಸಾಲ ತಾರದೆ, ಏಳರಲ್ಲಿ ಎರಡು ಕಳೆದು 45 ಎಂದು ಬರೆಯುತ್ತದೆ. ಈ ತಪ್ಪನ್ನು ಎಲ್ಲ ಮಕ್ಕಳೂ ಮಾಡುತ್ತಾರೆ. ಉಳಿದವರಲ್ಲಿ ತಿದ್ದಿದರೆ ಹೋಗುತ್ತದೆ, ಇವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಈ ತೊಡಕು ಮೊದಲು ಗುರುತಾದದ್ದು ಶಾಲೆಯಲ್ಲಲ್ಲ, ಆಸ್ಪತ್ರೆಯಲ್ಲಿ. ಮಿದುಳಿಗೆ ಪೆಟ್ಟಾದ ವಯಸ್ಕರು ಲೆಕ್ಕ ಮರೆಯುವುದನ್ನು ಕಂಡ ಸ್ವೀಡನ್ನಿನ ವೈದ್ಯ ಸಾಲೊಮನ್ ಹೆನ್ಷೆನ್ ಅದನ್ನು ಅಕ್ಯಾಲ್ಕುಲಿಯ ಎಂದು ಕರೆದ. 1920ರ ದಶಕದಲ್ಲಿ ವಿಯೆನ್ನಾದ ಯೋಸೆಫ್ ಗೆರ್ಸ್ಟ್‌ಮನ್ ತನ್ನದೇ ಬೆರಳು ಯಾವುದೆಂದು ಗುರುತಿಸಲಾಗದ ರೋಗಿಗೆ ಲೆಕ್ಕವೂ ಕೈಕೊಡುವುದನ್ನು ಗಮನಿಸಿದ. ಬೆರಳಿಗೂ ಎಣಿಕೆಗೂ ನಂಟಿದೆ ಎಂದಾಯಿತು. ಬೆರಳೆಣಿಸುವ ಮಗುವಿಗೆ ಬೆತ್ತ ತೋರಿಸುವುದು ಮಾತ್ರ ಬಹುಕಾಲ ನಿಲ್ಲಲಿಲ್ಲ. ಹುಟ್ಟಿನಿಂದಲೇ ಇರುವ ತೊಡಕನ್ನು ಬೇರ್ಪಡಿಸಿ, ಅದರಲ್ಲಿ ಆರು ಬಗೆಗಳನ್ನು ಹೇಳಿದವನು ಚೆಕೊಸ್ಲೊವಾಕಿಯದ ಮನಶ್ಶಾಸ್ತ್ರಜ್ಞ ಲಾಡಿಸ್ಲಾವ್ ಕೋಶ್. ಆತನ ಲೇಖನ ಇಂಗ್ಲಿಷಿನಲ್ಲಿ ಬಂದದ್ದು 1974ರಲ್ಲಿ. 1996ರಲ್ಲಿ ಪ್ರಕಟವಾದ ಇಸ್ರೇಲಿನ ಅಧ್ಯಯನವೊಂದು ನೂರಕ್ಕೆ ಸುಮಾರು ಆರೂವರೆ ಮಕ್ಕಳಲ್ಲಿ ಇದನ್ನು ಕಂಡಿತು. ಓದಿನ ತೊಡಕಿಗೆ ಸಿಕ್ಕ ಗಮನದಲ್ಲಿ ಇದಕ್ಕೆ ಸಿಕ್ಕದ್ದು ಅಲ್ಪ.

ಮದ್ದು ರೋಗದ ಹೆಸರಿಗಿಂತ ಮೊದಲೇ ಬಂದಿತ್ತೆನ್ನಬೇಕು. ಮಾರಿಯಾ ಮಾಂಟೆಸರಿಯ ಮಣಿಸರಗಳಲ್ಲಿ ಹತ್ತು ಬಿಡಿ ಮಣಿ ಸೇರಿದರೆ ಒಂದು ಕಡ್ಡಿ. ದಶಕ ಕೈಗೆ ತಗಲುತ್ತದೆ. ಬೆಲ್ಜಿಯಮ್ಮಿನ ಶಾಲಾಮಾಸ್ತರ ಜಾರ್ಜ್ ಕ್ವಿಸನೇರ್ ಬಣ್ಣದ ಕಡ್ಡಿಗಳ ಬಗ್ಗೆ 1952ರಲ್ಲಿ ಪುಸ್ತಕ ಬರೆದ. ಗಣಿತ ಶಿಕ್ಷಣತಜ್ಞ ಕ್ಯಾಲೆಬ್ ಗಟೇನೊ ಅವನ್ನು ದೇಶದೇಶಗಳಿಗೆ ಒಯ್ದ. ಕೈಯಲ್ಲಿ ಮಾಡು, ಚಿತ್ರದಲ್ಲಿ ಕಾಣು, ಆಮೇಲೆ ಅಂಕೆ ಬರೆ ಎಂಬ ಕ್ರಮಕ್ಕೆ 1960ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ ಸಿದ್ಧಾಂತದ ಬಲ ಕೊಟ್ಟ. ಇಂದಿಗೂ ಇಂಥ ಮಕ್ಕಳಿಗೆ ಮಾಡುವ ಪಾಠದ ತಿರುಳು ಇದೇ. ಮಗ್ಗಿಯ ಬಾಯಿಪಾಠ ಕೊನೆಯ ಮೆಟ್ಟಿಲು, ಮೊದಲಿನದಲ್ಲ.

ಕನ್ನಡದ ಮಗುವಿಗೆ ಒಂದು ಅನುಕೂಲವಿದೆ. ಹದಿಮೂರು, ಇಪ್ಪತ್ತಮೂರು ಎಂದಾಗ ಹತ್ತುಗಳು ಮೊದಲು, ಬಿಡಿ ಆಮೇಲೆ. ಬರೆಯುವ ಕ್ರಮವೂ ಅದೇ. ಇಂಗ್ಲಿಷಿನ ಥರ್ಟೀನ್ ಹಿಂದುಮುಂದು. ಮಾಧ್ಯಮ ಬದಲಾದ ಮಗು 13ನ್ನು 31 ಎಂದು ಬರೆದರೆ ದಡ್ಡತನವೆನ್ನುವ ಮೊದಲು ಇದನ್ನು ನೆನೆಯಬೇಕು.

ಭಾರತದಲ್ಲಿ ನೆರವು ಬಹುಮಟ್ಟಿಗೆ ಪರೀಕ್ಷೆಯ ಬಾಗಿಲಿನಿಂದ ಬಂತು. ಮಹಾರಾಷ್ಟ್ರ ಇಂಥ ಮಕ್ಕಳಿಗೆ ಬೀಜಗಣಿತ, ರೇಖಾಗಣಿತದ ಬದಲು ಏಳನೆಯ ತರಗತಿಯ ಅಂಕಗಣಿತ ತೆಗೆದುಕೊಳ್ಳಲು ಅವಕಾಶವಿತ್ತಿತು. ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಕಲಿಕಾ ನ್ಯೂನತೆಯ ಪರೀಕ್ಷಾಗುಚ್ಛದಲ್ಲಿ ಓದು, ಬರಹದ ಜೊತೆ ಲೆಕ್ಕವೂ ಸೇರಿದೆ. ಸ್ವಯಂಸೇವಾ ಸಂಸ್ಥೆ ಅಕ್ಷರ ಫೌಂಡೇಶನ್ ಜೊತೆಗೂಡಿ ಕರ್ನಾಟಕ ಸರ್ಕಾರ ನಡೆಸಿದ ಗಣಿತ ಕಲಿಕಾ ಆಂದೋಲನ ಸರ್ಕಾರಿ ಶಾಲೆಗಳಿಗೆ ಗಣಿತದ ಕಿಟ್ ಒದಗಿಸಿತು. ಅದು ಎಲ್ಲ ಮಕ್ಕಳಿಗೆಂದು ಮಾಡಿದ್ದು, ಆದರೂ ಹೆಚ್ಚು ಬೇಕಾದದ್ದು ಈ ಮಕ್ಕಳಿಗೆ.

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ಡಿಸ್ಕ್ಯಾಲ್ಕುಲಿಯವನ್ನು ಹೆಸರಿಸಿದೆ. ನ್ಯೂನತೆಯನ್ನು ಬೇಗ ಪತ್ತೆಹಚ್ಚಿ ತಕ್ಕ ಬೋಧನೆ ಕೊಡಬೇಕೆನ್ನುತ್ತದೆ ಅದರ 16ನೆಯ ಕಲಮು. 17ನೆಯದು ಪರೀಕ್ಷೆಯ ರಿಯಾಯಿತಿಗಳಿಗೆ ಉದಾಹರಣೆ ಕೊಡುತ್ತದೆ: ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು, ಎರಡನೆಯ ಮತ್ತು ಮೂರನೆಯ ಭಾಷೆಗಳಿಂದ ವಿನಾಯಿತಿ. ಗಣಿತದ ಹೆಸರು ಅಲ್ಲಿಲ್ಲ.