ಸೆಪ್ಟೆಂಬರ್ 30ರ ಎಣಿಕೆ: ಬೆಂಗಳೂರಿನ ಸಣ್ಣ ಸರ್ಕಾರಿ ಎಲ್‌ಕೆಜಿಯ ದಾಖಲಾತಿಯನ್ನು ಓದುವ ಬಗೆ

ಬೆಂಗಳೂರಿನ ಸರ್ಕಾರಿ ಪ್ರಾಥಮಿಕ ಶಾಲೆಯೊಂದರ ಎಲ್‌ಕೆಜಿಯಲ್ಲಿ ಇಪ್ಪತ್ತು ಮಕ್ಕಳಿದ್ದಾರೆ ಎಂದಿಟ್ಟುಕೊಳ್ಳೋಣ. ಕಟ್ಟಡದ ಕೆಲಸ ಮುಗಿದು ಒಂದೇ ಶೆಡ್ಡಿನ ಇಬ್ಬರು ಮಕ್ಕಳು ಊರಿಗೆ ಹೊರಟರೆ, ದಾಖಲಾತಿ ಶೇ. 10ರಷ್ಟು ಕುಸಿಯಿತು ಎಂದು ವರದಿ ಬರೆಯಬಹುದು. ಲೆಕ್ಕ ಸರಿಯೇ. ಆದರೆ ಶಾಲೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಇಷ್ಟು ಸಣ್ಣ ರಿಜಿಸ್ಟರನ್ನು ಶೇಕಡಾವಾರು ಓದಬಾರದು, ಹೆಸರು ಹಿಡಿದು, ತಿಂಗಳು ಹಿಡಿದು ಓದಬೇಕು ಎಂಬುದು ಈ ಲೇಖನದ ವಾದ.

ಹೋಲಿಕೆಗೆ ಯಾವ ವರ್ಷವನ್ನು ಮೂಲವಾಗಿ ಹಿಡಿಯುವುದು ಎಂಬಲ್ಲೇ ಮೊದಲ ತೊಡಕು. 2019–20ರಲ್ಲಿ ರಾಜ್ಯದ 276 ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಲ್‌ಕೆಜಿ ಶುರುವಾಯಿತು. ಅದೇ ವರ್ಷದಿಂದ ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳು ಬಡ ಮಕ್ಕಳಿಗೆ ಮೀಸಲಿಡುವ ಶೇ. 25ರ ಸೀಟುಗಳ ನಿಯಮವೂ ಬದಲಾಯಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಆ ಸೀಟು ಕೊಡಬೇಕಿಲ್ಲ ಎಂದಾಯಿತು. ಖಾಸಗಿ ಶಾಲೆಯ ಬಾಗಿಲು ಮುಚ್ಚಿದ್ದೂ ಸರ್ಕಾರಿ ಶಾಲೆಯ ಬಾಗಿಲು ತೆರೆದದ್ದೂ ಒಂದೇ ಜೂನ್‌ನಲ್ಲಿ. ಹಾಗಾಗಿ ಆ ವರ್ಷ ಬಂದ ಮಕ್ಕಳು ಸರ್ಕಾರಿ ಶಾಲೆಯನ್ನು ಮೆಚ್ಚಿ ಬಂದರೋ, ಬೇರೆ ದಾರಿಯಿಲ್ಲದೆ ಬಂದರೋ ಎಂದು ಬರಿಯ ಸಂಖ್ಯೆಯಿಂದ ಬಿಡಿಸಿ ಹೇಳಲಾಗದು. ಮರುವರ್ಷ ಕೋವಿಡ್ ಬಂತು. ಎಲ್‌ಕೆಜಿ ಮಕ್ಕಳು ಮತ್ತೆ ಕೊಠಡಿಗೆ ಕಾಲಿಟ್ಟದ್ದು 2021ರ ನವೆಂಬರ್ 8ರಂದು. ಅಷ್ಟರಲ್ಲಿ 2020ರಲ್ಲಿ ಹೆಸರು ಬರೆಸಿದವರು ತರಗತಿಯ ಮುಖವನ್ನೇ ನೋಡದೆ ಎಲ್‌ಕೆಜಿ ಮುಗಿಸಿದ್ದರು. ಈ ಮೂರು ವರ್ಷಗಳನ್ನು ಒಂದೇ ಗೆರೆಯಲ್ಲಿ ಜೋಡಿಸಿ ಏರಿಳಿತ ತೋರಿಸುವ ನಕ್ಷೆಗಳ ಮೇಲೆ ನನಗಂತೂ ನಂಬಿಕೆಯಿಲ್ಲ.

ಇನ್ನು ಎಣಿಕೆಯ ದಿನ. ದೇಶದ ಶಾಲೆಗಳ ಅಂಕಿಅಂಶ ಕಲೆಹಾಕುವ ಯು-ಡೈಸ್ ಲೆಕ್ಕಕ್ಕೆ ಬಹುಕಾಲದಿಂದ ಆಧಾರವಾಗಿರುವುದು ಸೆಪ್ಟೆಂಬರ್ 30. ಕಲ್ಯಾಣ ಕರ್ನಾಟಕದಿಂದ ಗಾರೆ ಕೆಲಸಕ್ಕೆ ಬರುವ ಕುಟುಂಬಗಳ ಕ್ಯಾಲೆಂಡರ್ ಬೇರೆ. ಸುಗ್ಗಿ ಮುಗಿಸಿ ಬೆಂಗಳೂರಿಗೆ ಬಂದರೆ ಮುಂಗಾರು ಬಿತ್ತನೆಗೆ ವಾಪಸು. ಶಾಲೆ ತೆರೆಯುವ ಜೂನ್ ಹೊತ್ತಿಗೆ ಅವರು ಹೊಲದಲ್ಲಿರುತ್ತಾರೆ, ಎಣಿಕೆಯ ದಿನವೂ ಅಲ್ಲೇ. ಜನವರಿಯಲ್ಲಿ ತಾಯಿ ಮಗುವಿನ ಕೈ ಹಿಡಿದು ಶಾಲೆಯ ಗೇಟಿಗೆ ಬಂದರೆ, ಟೀಚರ್ ಇಲ್ಲವೆನ್ನದೆ ಕೂರಿಸಿಕೊಳ್ಳುತ್ತಾರೆ. ಆದರೆ ಆ ಮಗು ಆ ವರ್ಷದ ಲೆಕ್ಕಕ್ಕೆ ಸೇರುವುದಿಲ್ಲ. ಜೂನ್‌ನಲ್ಲಿ ಸೇರಿ ಆಗಸ್ಟ್‌ನಲ್ಲಿ ಬಾಡಿಗೆ ಏರಿತೆಂದು ಬೇರೆ ಬಡಾವಣೆಗೆ ಹೋದ ಮಗುವಿನ ಹೆಸರೋ ರಿಜಿಸ್ಟರಿನಲ್ಲೇ ಕೂತಿರುತ್ತದೆ. ಎಲ್‌ಕೆಜಿಗೆ ಟಿಸಿ ಕೇಳಿಕೊಂಡು ಬರುವವರು ಕಡಿಮೆ.

ರಿಜಿಸ್ಟರಿನ ಸಾಮಾಜಿಕ ಹಿನ್ನೆಲೆಯ ಕಾಲಂಗಳಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ‘ಮಾತೃಭಾಷೆ’. ದಾಖಲಾತಿಯ ಮೇಜಿನ ಮುಂದೆ ನಡೆಯುವ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ:

‘ಮನೇಲಿ ಏನು ಮಾತಾಡ್ತೀರಮ್ಮ?’

‘ಕನ್ನಡಾನೇ ರೀ, ಮೇಡಂ.’

ಟೀಚರ್ ‘ಕನ್ನಡ’ ಎಂದು ಬರೆದುಕೊಳ್ಳುತ್ತಾರೆ. ತಾಯಿ ಹೊರಡುವಾಗ ಮಗುವನ್ನು ಕರೆಯುವುದು ಲಂಬಾಣಿಯಲ್ಲಿ. ಆಕೆ ಸುಳ್ಳು ಹೇಳಿದಳೆಂದಲ್ಲ. ಕಚೇರಿಯಲ್ಲಿ ಕೇಳಿದ ಪ್ರಶ್ನೆಗೆ ಕಚೇರಿಯ ಭಾಷೆಯ ಹೆಸರನ್ನೇ ಕೊಟ್ಟಳು. ಸೋಜಿಗವೆಂದರೆ, ಮನೆಯಲ್ಲಿ ಲಂಬಾಣಿ ಎಂದೇ ಹೇಳಿದ್ದರೂ 2011ರ ಜನಗಣತಿಯ ಪಟ್ಟಿಯಲ್ಲಿ ಅದು ಹಿಂದಿಯ ಅಡಿಯಲ್ಲಿ ಸೇರಿಕೊಳ್ಳುತ್ತದೆ. ಒಂದೇ ಮನೆಮಾತು ಶಾಲೆಯಲ್ಲಿ ಕನ್ನಡ, ಗಣತಿಯಲ್ಲಿ ಹಿಂದಿ, ಮನೆಯಲ್ಲಿ ಲಂಬಾಣಿ. ದಖನಿ ಆಡುವ ಮನೆಯ ಮಕ್ಕಳು ‘ಉರ್ದು’ ಆಗುವುದೂ ಹೀಗೆಯೇ. ಇಂಥ ಕಾಲಂ ನೋಡಿ ‘ಬಹುಪಾಲು ಕನ್ನಡ ಮಾತೃಭಾಷೆಯ ತರಗತಿ’ ಎಂದು ತೀರ್ಮಾನಿಸಿ ಪಾಠ ಯೋಜಿಸಿದರೆ ಕಷ್ಟ ಮಗುವಿಗೆ. ‘ಉದ್ಯೋಗ’ದ ಕಾಲಂ ಬಗ್ಗೆ ಹೇಳುವುದು ಹೆಚ್ಚಿಲ್ಲ: ಗಾರೆ, ಪೇಂಟಿಂಗ್, ಮನೆಗೆಲಸ ಎಲ್ಲವೂ ಅಲ್ಲಿ ‘ಕೂಲಿ’.

ವಯಸ್ಸಿನ ಕಾಲಂ ಈಗ ಮೊದಲಿನಂತಿಲ್ಲ. ಹಿಂದೆ ಮೇಷ್ಟ್ರು ಜೂನ್ 1 ಎಂದು ಬರೆದರೆ ಅದೇ ಹುಟ್ಟಿದ ದಿನ. ಆ ದಿನ ‘ಹುಟ್ಟಿದ’ವರು ನಮ್ಮ ಹಿರಿಯರಲ್ಲಿ ಎಷ್ಟು ಜನವೋ! ಈಗ ಜನನ ಪ್ರಮಾಣಪತ್ರ ಬಂದಿದೆ, ಜೂನ್ 1 ಗಡುವಿನ ದಿನವಾಗಿದೆ. ಒಂದನೇ ತರಗತಿಗೆ ಆ ದಿನಕ್ಕೆ ಆರು ವರ್ಷ ತುಂಬಿರಬೇಕೆಂಬ ನಿಯಮವನ್ನು 2025–26ಕ್ಕೆ ಮಾತ್ರ ಐದು ವರ್ಷ ಐದು ತಿಂಗಳಿಗೆ ಸಡಿಲಿಸಲಾಯಿತು. ಗಡುವು ಕೆಲವು ತಿಂಗಳು ಸರಿದರೆ ಸಣ್ಣ ಯುಕೆಜಿಯಲ್ಲಿ ಮೂರ್ನಾಲ್ಕು ಮಕ್ಕಳು ಮೇಲೇರುತ್ತಾರೆ, ಇಲ್ಲವೇ ಅಲ್ಲೇ ಉಳಿಯುತ್ತಾರೆ. ಕಾಗದದ ಮೇಲೆ ಅದೂ ದಾಖಲಾತಿಯ ಏರಿಳಿತವೇ.

ಇದರ ಜೊತೆಗೆ ಅಂಗನವಾಡಿ. ಎಲ್‌ಕೆಜಿ ಇನ್ನಷ್ಟು ಸರ್ಕಾರಿ ಶಾಲೆಗಳಿಗೆ ಹೋದರೆ ತಮ್ಮಲ್ಲಿ ಮಕ್ಕಳೇ ಉಳಿಯುವುದಿಲ್ಲವೆಂದು ಕಾರ್ಯಕರ್ತೆಯರು 2024ರ ಜೂನ್‌ನಲ್ಲಿ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತರು. ಮರು ತಿಂಗಳು ನಗರದ 250 ಅಂಗನವಾಡಿಗಳಲ್ಲಿ ಸರ್ಕಾರಿ ಮಾಂಟೆಸ್ಸರಿ ಶುರುವಾಯಿತು. ಎರಡೂ ಕಡೆ ಹೆಸರಿರುವ ಮಗುವನ್ನು ಎರಡು ಇಲಾಖೆಗಳೂ ತಮ್ಮದೆಂದೇ ಎಣಿಸುತ್ತವೆ.

ಸಂಶೋಧಕರಿಗೆ ನನ್ನ ಸಲಹೆ ಸಣ್ಣದು. ಮಗು ಬಂದ ತಿಂಗಳು, ಬಿಟ್ಟ ತಿಂಗಳು ಬರೆದುಕೊಳ್ಳಿ. ತಾಯಿ ಮಗುವಿನೊಡನೆ ಆಡುವ ಭಾಷೆಯನ್ನು ಕಿವಿಯಿಂದ ಕೇಳಿ ಬರೆಯಿರಿ. ಅರ್ಧ ಮಾಹಿತಿ ಈಗಾಗಲೇ ಶಾಲೆಯಲ್ಲೇ ಇದೆ. ನಾನು ನೋಡಿದ ಹಾಜರಿ ಪುಸ್ತಕವೊಂದರಲ್ಲಿ ಹೆಸರುಗಳ ಪಕ್ಕ ಟೀಚರ್ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡಿದ್ದರು: ‘ಊರಿಗೆ’, ‘ಅಜ್ಜಿ ಮನೆ’, ‘ಫೋನ್ ಸ್ವಿಚ್ ಆಫ್’. ವರ್ಷದ ಕೊನೆಗೆ ಪುಸ್ತಕ ಒಪ್ಪಿಸುವ ಮುಂಚೆ ಅವನ್ನೆಲ್ಲ ರಬ್ಬರಿನಿಂದ ಅಳಿಸಿಬಿಡುತ್ತೇನೆ ಎಂದರು.